ತಲಬಾಗಿಲ ಪಕ್ಕದ ಕಾವಲು: ನಸರಿ ಜೇನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆ ಹಳೆಯದು. ಮಣ್ಣಿನ ಗೋಡೆ, ಕಲ್ಲಿನ ಪಾಯ, ಸಾಗವಾನಿ ಚೌಕಟ್ಟು. ತಲಬಾಗಿಲಿನ ಎಡಕ್ಕೆ, ನನ್ನ ಎದೆಯ ಎತ್ತರದಲ್ಲಿ, ಕಿರುಬೆರಳಿನಷ್ಟು ದಪ್ಪದ ಒಂದು ಕಂದು ಕೊಳವೆ ಗೋಡೆಯಿಂದ ಹೊರಗೆ ಚಾಚಿದೆ. ನನಗೆ ನೆನಪಿದ್ದಾಗಿನಿಂದ ಅದು ಅಲ್ಲೇ ಇದೆ. ಅವ್ವ ಬೆಳಿಗ್ಗೆ ಹೊಸ್ತಿಲಿಗೆ ನೀರು ಹಾಕುವಾಗ ಆ ಕಡೆ ಹನಿ ಸಿಡಿಯದ ಹಾಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮನೆಗೆ ಬಂದವರು ಚಪ್ಪಲಿ ಬಿಡುವಾಗ ಆ ಕೊಳವೆ ನೋಡಿ ಪ್ರಶ್ನೆ ಕೇಳುತ್ತಾರೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಪರಿಚಯದವರು ತಮ್ಮ ಮನೆಯ ಗೋಡೆಯ ಫೋಟೊ ಕಳಿಸಿ ಕೇಳುತ್ತಾರೆ. ಹೆಚ್ಚಾಗಿ ಬರುವ ಪ್ರಶ್ನೆಗಳು ಮತ್ತು ಉತ್ತರಗಳು ಇಲ್ಲಿವೆ.

ಗೋಡೆಯಿಂದ ಕಂದು ಕೊಳವೆ ಹೊರಗೆ ಬಂದಿದೆ. ಅದರ ಸುತ್ತ ಸಣ್ಣ ಕಪ್ಪು ಹುಳಗಳಿವೆ. ಏನದು?

ಅದು ನಸರಿ ಜೇನಿನ ಬಾಗಿಲು. ಮಲೆನಾಡಿನ ಕಡೆ ಇದನ್ನೇ ಮಿಸರಿ ಅನ್ನುತ್ತಾರೆ, ಕರಾವಳಿಯಲ್ಲಿ ಮುಜಂಟಿ. ವಿಜ್ಞಾನದವರು ಇಡುವ ಹೆಸರು ಟೆಟ್ರಾಗೊನುಲಾ ಇರಿಡಿಪೆನ್ನಿಸ್. 1854ರಲ್ಲಿ ಫ್ರೆಡರಿಕ್ ಸ್ಮಿತ್ ಎಂಬ ಕೀಟತಜ್ಞ ಇದನ್ನು ಮೊದಲು ವಿವರಿಸಿದ.

ಹುಳದ ಉದ್ದ 3ರಿಂದ 4 ಮಿಲಿಮೀಟರ್ ಅಷ್ಟೇ. ಹಾಗಾಗಿ ತುಂಬಾ ಜನ ಇದನ್ನು ನೊಣ ಅಂದುಕೊಳ್ಳುತ್ತಾರೆ, ಇಲ್ಲವೇ ರೆಕ್ಕೆ ಬಂದ ಇರುವೆ ಅನ್ನುತ್ತಾರೆ. ಅನುಮಾನ ಇದ್ದರೆ ಹೊರಗಿನಿಂದ ಬರುವ ಹುಳಗಳ ಹಿಂಗಾಲು ನೋಡಿ. ಹಳದಿ ಅಥವಾ ಬಿಳಿ ಪರಾಗದ ಸಣ್ಣ ಉಂಡೆ ಅಂಟಿಕೊಂಡಿದ್ದರೆ ಅದು ಜೇನೇ.

ಕಚ್ಚುತ್ತವಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಇವಕ್ಕೆ ಚುಚ್ಚುವ ಮುಳ್ಳು ಇಲ್ಲ. ಇದ್ದ ಮುಳ್ಳು ಸವೆದು ಸವೆದು ಕೆಲಸಕ್ಕೆ ಬಾರದ ಗುರುತಾಗಿ ಉಳಿದಿದೆ. ಗೂಡಿಗೆ ಕೈ ಹಾಕಿದರೆ ಮಾತ್ರ ಕೂದಲಲ್ಲಿ ಸೇರಿಕೊಳ್ಳುತ್ತವೆ, ಕಿವಿಯ ಹತ್ತಿರ ಬರುತ್ತವೆ, ದವಡೆಯಿಂದ ಚಿವುಟುತ್ತವೆ. ಇರುವೆ ಕಡಿದಷ್ಟು ಕೂಡ ನೋವಾಗುವುದಿಲ್ಲ. ಕಿರಿಕಿರಿ ಅಂತೂ ಆಗುತ್ತದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಮಕ್ಕಳು ಆ ಬಾಗಿಲಲ್ಲೇ ಓಡಾಡಿ ಬೆಳೆದಿದ್ದಾರೆ. ಒಂದೇ ಒಂದು ಮಾತು ಹೇಳಿಕೊಡಿ, ಕೊಳವೆಯೊಳಗೆ ಕಡ್ಡಿ ಹಾಕಬಾರದು ಅಂತ.

ಕೊಳವೆಯ ಬಾಯಲ್ಲಿ ಕೆಲವು ಹುಳಗಳು ಸುಮ್ನೆ ಕೂತಿರುತ್ತವೆ. ಅವು ಸತ್ತಿವೆಯಾ, ಸೋಮಾರಿಗಳಾ?

ಎರಡೂ ಅಲ್ಲ. ಅವು ಕಾವಲಿನವು. ನನಗೆ ಈ ಜೇನಿನ ಮೇಲೆ ಇಷ್ಟು ಪ್ರೀತಿ ಹುಟ್ಟಲು ಅವೇ ಕಾರಣ.

ಒಂದು ದಿನ ಒಂದು ಸಣ್ಣ ಮಣೆ ಹಾಕಿಕೊಂಡು ಕೊಳವೆಯ ಪಕ್ಕ ಕೂತು ನೋಡಿ. ಮುಖಕ್ಕೆ ನೇರವಾಗಿ ಕೂರಬೇಡಿ, ಹುಳಗಳು ಬರುವ ದಾರಿಗೆ ಅಡ್ಡವಾಗುತ್ತದೆ. ಸ್ವಲ್ಪ ಓರೆಗೆ, ಒಂದು ಮೊಳ ದೂರ ಇರಲಿ. ಕೊಳವೆಯ ಅಂಚಿನ ಸುತ್ತ ಐದಾರು ಹುಳಗಳು ತಲೆ ಹೊರಗೆ ಮಾಡಿ ಕೂತಿರುತ್ತವೆ. ಮೈ ಒಳಗೆ, ಮುಖ ಮಾತ್ರ ಹೊರಗೆ. ರೆಕ್ಕೆ ಅಲುಗುವುದಿಲ್ಲ, ಕಾಲು ಅಲುಗುವುದಿಲ್ಲ. ಕುಡಿಮೀಸೆ ಮಾತ್ರ ನಿಧಾನವಾಗಿ ಗಾಳಿಯಲ್ಲಿ ಆಡುತ್ತಿರುತ್ತದೆ. ಮೇವಿಗೆ ಹೋದ ಹುಳ ಬಂದರೆ ಒಂದು ಕ್ಷಣ ಅದರ ಮೈ ಮುಟ್ಟಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅದು ಒಳಗೆ ಹೋದ ಮೇಲೆ ಮತ್ತೆ ತಮ್ಮ ಜಾಗಕ್ಕೆ.

ನಿಮ್ಮ ನೆರಳು ಬಿದ್ದರೆ ಐದೂ ತಲೆಗಳು ಒಟ್ಟಿಗೆ ಒಳಗೆ ಹೋಗುತ್ತವೆ. ಓಡಿ ಹೋದವು ಅಂದುಕೊಳ್ಳಬೇಡಿ. ಉಸಿರು ಬಿಗಿಹಿಡಿದು ಕಾಯಿರಿ. ಮೊದಲು ಒಂದು ಕುಡಿಮೀಸೆ ಕಾಣುತ್ತದೆ. ಆಮೇಲೆ ಒಂದು ಕಣ್ಣು. ಆಮೇಲೆ ಒಂದೊಂದಾಗಿ ಎಲ್ಲವೂ ಮತ್ತೆ ಬಂದು ಅಂಚಿಗೆ ಕೂರುತ್ತವೆ. ಅವುಗಳ ಮುಂದೆ ನಾವು ಎಷ್ಟು ದೊಡ್ಡವರು ಅಂತ ಯೋಚಿಸಿ. ಬೆಟ್ಟದಷ್ಟು ದೊಡ್ಡದೇನೋ ಬಾಗಿಲ ಮುಂದೆ ನಿಂತಿದೆ, ಅದರ ಎದುರಿಗೆ ಎಳ್ಳಿನ ಕಾಳಿನಂಥ ಒಂದು ತಲೆ ಮತ್ತೆ ಹೊರಗೆ ಬರುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಆ ಗಳಿಗೆಯಲ್ಲಿ ಎದೆ ತುಂಬಿ ಬರುತ್ತದೆ.

ತಮ್ಮವರು ಯಾರು, ಹೊರಗಿನವರು ಯಾರು ಅಂತ ಹೇಗೆ ಗೊತ್ತಾಗುತ್ತದೆ?

ವಾಸನೆಯಿಂದ. ಪ್ರತಿ ಹುಳದ ಮೈಮೇಲೆ ಮೇಣದಂಥ ಒಂದು ತೆಳು ಪದರ ಇರುತ್ತದೆ. ಒಂದೇ ಗೂಡಿನಲ್ಲಿ ಹುಟ್ಟಿ, ಅದೇ ಮೇಣ ಅದೇ ಅಂಟಿನ ನಡುವೆ ಓಡಾಡಿದವುಗಳ ಮೈಗೆ ಒಂದೇ ವಾಸನೆ. ಕಾವಲಿನ ಹುಳ ಕುಡಿಮೀಸೆಯಿಂದ ಮುಟ್ಟಿ ಅದನ್ನು ಓದುತ್ತದೆ. ಪಕ್ಕದ ಮನೆಯ ಗೋಡೆಯಲ್ಲೂ ನಸರಿ ಇದ್ದರೆ, ಅಲ್ಲಿನ ಹುಳ ದಾರಿ ತಪ್ಪಿ ಇಲ್ಲಿಗೆ ಬಂದಾಗ ನೋಡಬೇಕು. ನಮ್ಮ ಕಣ್ಣಿಗೆ ಎರಡೂ ಒಂದೇ. ಅವು ಮಾತ್ರ ಕ್ಷಣದಲ್ಲಿ ಹಿಡಿದು ಹೊರಗೆ ತಳ್ಳುತ್ತವೆ.

ಅದೇ ಹುಳಗಳು ದಿನವಿಡೀ ಕೂರುತ್ತವಾ?

ಇಲ್ಲ, ಬದಲಾಗುತ್ತವೆ. ಕಾವಲು ಒಂದು ಹುಳದ ಇಡೀ ಬದುಕಿನ ಕೆಲಸ ಅಲ್ಲ. ಸಾಮಾನ್ಯವಾಗಿ ಎಳೆಯ ಹುಳ ಒಳಗಿನ ಕೆಲಸ ಮಾಡುತ್ತದೆ: ಮೇಣ ಕಲಸುವುದು, ಮರಿಗಳ ಕೋಣೆ ಕಟ್ಟುವುದು, ಕಸ ತೆಗೆಯುವುದು. ವಯಸ್ಸಾದಂತೆ ಬಾಗಿಲಿಗೆ ಬರುತ್ತದೆ. ಕೊನೆಯ ದಿನಗಳಲ್ಲಿ ಹೂವಿಗೆ, ಅಂಟಿಗೆ ಹೊರಗೆ ಹೋಗುತ್ತದೆ. ಜೀವಕ್ಕೆ ಹೆಚ್ಚು ಅಪಾಯ ಇರುವ ಕೆಲಸ ಹಿರಿಯ ಹುಳಗಳದ್ದು.

ಇಷ್ಟು ಕಷ್ಟಪಟ್ಟು ಯಾಕೆ ಕಾಯಬೇಕು? ಹೆಜ್ಜೇನಿನ ಹಾಗೆ ಹಾರಿ ಬೇರೆ ಕಡೆ ಹೋಗಬಹುದಲ್ವಾ?

ಹೋಗಲಾರವು. ಇದನ್ನು ನಾನು ತಿಳಿದುಕೊಂಡದ್ದು ತಡವಾಗಿ. ತಿಳಿದ ಮೇಲೆ ಆ ಕೊಳವೆಯನ್ನು ನೋಡುವ ರೀತಿಯೇ ಬದಲಾಯಿತು.

ಹೆಜ್ಜೇನು ಕಾಲಕ್ಕೆ ತಕ್ಕಂತೆ ಊರು ಬದಲಿಸುತ್ತದೆ. ಕೋಲುಜೇನು ಸ್ವಲ್ಪ ತೊಂದರೆಯಾದರೂ ತಟ್ಟಿ ಬಿಟ್ಟು ಹೊರಡುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವಿ ಜೇನು ಕೂಡ ಇರುವೆ ಕಾಟ ಜಾಸ್ತಿಯಾದರೆ ಪೆಟ್ಟಿಗೆ ಖಾಲಿ ಮಾಡುತ್ತದೆ. ಅವುಗಳ ರಾಣಿ ಹಾರಬಲ್ಲಳು. ರಾಣಿ ಹಾರಿದರೆ ಸಂಸಾರವೂ ಹಾರುತ್ತದೆ.

ನಸರಿಯ ರಾಣಿ ಹಾಗಲ್ಲ. ಆಕೆ ಹಾರುವುದು ಎಳೆ ವಯಸ್ಸಿನಲ್ಲಿ, ಗಂಡಿನ ಜೊತೆ ಕೂಡುವ ಕಾಲದಲ್ಲಿ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಹೊಟ್ಟೆ ಊದಿಕೊಂಡು ಭಾರವಾಗುತ್ತದೆ. ಆ ಮೈಗೆ ಆ ಸಣ್ಣ ರೆಕ್ಕೆ ಸಾಲುವುದಿಲ್ಲ. ಆಮೇಲೆ ಆಕೆ ಸಾಯುವ ತನಕ ಅದೇ ಪೊಟರೆ, ಅದೇ ಕತ್ತಲೆ. ಆಕೆಯನ್ನು ಬಿಟ್ಟು ಉಳಿದ ಹುಳಗಳು ಹೋಗುವುದಿಲ್ಲ. ಹಾಗಾಗಿ ವೈರಿ ಬಂದರೆ ಅವಕ್ಕೆ ಎರಡನೇ ದಾರಿ ಇಲ್ಲ. ಚುಚ್ಚಲು ಮುಳ್ಳಿಲ್ಲ, ಓಡಲು ರಾಣಿ ಇಲ್ಲ. ಬಾಗಿಲು ಕಾಯಲೇಬೇಕು.

ಹೊಸ ಗೂಡು ಕಟ್ಟುವಾಗಲೂ ಇವು ತವರಿನ ನಂಟು ಒಂದೇ ಸಲ ಕಡಿದುಕೊಳ್ಳುವುದಿಲ್ಲ. ಮೊದಲು ಕೆಲವು ಹುಳಗಳು ಹತ್ತಿರದಲ್ಲೇ ಒಂದು ಸಂದು ನೋಡಿಕೊಳ್ಳುತ್ತವೆ. ಹಳೆ ಗೂಡಿನಿಂದ ಮೇಣ, ಅಂಟು, ಆಹಾರ ಹೊತ್ತು ಹೊತ್ತು ಹೊಸ ಜಾಗಕ್ಕೆ ಸಾಗಿಸುತ್ತವೆ. ಇದು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ನಡೆಯುತ್ತದೆ. ಹೊಸ ಮನೆಯ ಬಾಗಿಲು, ಉಗ್ರಾಣ ತಯಾರಾದ ಮೇಲೆ ಎಳೆಯ ರಾಣಿ ಅಲ್ಲಿಗೆ ಹೋಗುತ್ತಾಳೆ. ಹಳೆಯ ರಾಣಿ ಹಳೆಯ ಗೋಡೆಯಲ್ಲೇ ಉಳಿಯುತ್ತಾಳೆ. ನಮ್ಮ ಕಡೆ ಹೆಣ್ಣುಮಗಳು ಹೊಸ ಸಂಸಾರ ಹೂಡುವಾಗ ತವರಿನಿಂದ ಪಾತ್ರೆ, ಕಾಳುಕಡಿ, ಕೌದಿ ಹೋಗುತ್ತಲೇ ಇರುತ್ತವೆ ಅಲ್ವಾ, ಹಾಗೇ.

ಗೋಡೆಯ ಒಳಗೆ ಏನಿರುತ್ತದೆ?

ಜೇನು ಅಂದರೆ ಆರು ಮೂಲೆಯ ಕಣ್ಣುಗಳ ತಟ್ಟಿ ನೆನಪಾಗುತ್ತದೆ. ನಸರಿಯ ಗೂಡಿನಲ್ಲಿ ಆ ತಟ್ಟಿ ಇರುವುದಿಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಸಣ್ಣ ಸಣ್ಣ ಗೋಲಿಗಳು ಇರುತ್ತವೆ. ನಡುವೆ ಮರಿಗಳ ಗೊಂಚಲು. ಸುತ್ತ ಸ್ವಲ್ಪ ದೊಡ್ಡ ಗಡಿಗೆಗಳು, ಕೆಲವು ತುಪ್ಪದವು, ಕೆಲವು ಪರಾಗದವು. ಎಲ್ಲವನ್ನೂ ಮೇಣ ಮತ್ತು ಗಿಡದ ಅಂಟು ಕಲಸಿ ಕಟ್ಟಿರುತ್ತವೆ. ಮರಿಯ ಕೋಣೆಯಲ್ಲಿ ಮೊದಲೇ ಬೇಕಾದಷ್ಟು ಆಹಾರ ತುಂಬುತ್ತವೆ. ಅದರ ಮೇಲೆ ರಾಣಿ ಒಂದು ಮೊಟ್ಟೆ ಇಡುತ್ತಾಳೆ, ಕೂಡಲೇ ಹುಳಗಳು ಕೋಣೆಯ ಬಾಯಿ ಮುಚ್ಚುತ್ತವೆ. ಮರಿ ಒಳಗೇ ತಿಂದು ಬೆಳೆದು, ಸುಮಾರು ಒಂದೂವರೆ ತಿಂಗಳಿಗೆ ಹುಳವಾಗಿ ಹೊರಗೆ ಬರುತ್ತದೆ.

ಇವುಗಳ ವೈರಿಗಳು ಯಾರು?

ಇರುವೆ ಮೊದಲನೆಯದು. ಹಲ್ಲಿ, ಜಿಗಿಯುವ ಜೇಡ, ಕಳ್ಳಿಪೀರ ಹಕ್ಕಿ ಕೂಡ ಹಿಡಿಯುತ್ತವೆ, ಆದರೆ ಅವು ತಿನ್ನುವುದು ಒಂದೊಂದು ಹುಳ. ಇರುವೆ ಒಳಗೆ ನುಗ್ಗಿದರೆ ಇಡೀ ಗೂಡೇ ಹೋಗುತ್ತದೆ. ಇನ್ನೊಂದು ಫೋರಿಡ್ ಎಂಬ ಪುಟ್ಟ ನೊಣ. ಒಡೆದ ಪರಾಗದ ಗಡಿಗೆ ಸಿಕ್ಕರೆ ಅಲ್ಲಿ ಮೊಟ್ಟೆ ಇಟ್ಟು, ಹುಳು ತುಂಬಿ ಗೂಡನ್ನೇ ಕೊಳೆಸುತ್ತದೆ.

ಇರುವೆಗೆ ಇವು ಮಾಡುವ ಉಪಾಯ ಅಂಟು. ಕೊಳವೆಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಹಸಿಯಾಗಿ ಜಿಗುಟಾಗಿರುತ್ತದೆ. ಕೊಳವೆಯ ಬುಡದ ಗೋಡೆಗೂ ಅಲ್ಲಲ್ಲಿ ಅಂಟಿನ ಹನಿ ಸವರಿರುತ್ತವೆ. ಇರುವೆ ಕಾಲಿಟ್ಟರೆ ಅಲ್ಲೇ ಸಿಕ್ಕಿಬೀಳುತ್ತದೆ. ದಾಟಿ ಬಂದ ಇರುವೆಯ ಮೈಗೂ ಕಾವಲಿನ ಹುಳ ಬಾಯಲ್ಲಿ ಅಂಟು ತಂದು ಮೆತ್ತುತ್ತದೆ. ಒಮ್ಮೆ ಮಳೆಗಾಲದ ಶುರುವಿನಲ್ಲಿ ನಮ್ಮ ಗೋಡೆಯ ಮೇಲೆ ಕೆಂಪಿರುವೆ ಸಾಲು ಹತ್ತಿತ್ತು. ನಾನು ಅರಿಶಿನ ಪುಡಿಯ ಡಬ್ಬಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕೊಳವೆಯ ಬುಡದಲ್ಲಿ ಏಳೆಂಟು ಇರುವೆಗಳು ಅಂಟಿನಲ್ಲಿ ಕಾಲು ಆಡಿಸುತ್ತಿದ್ದವು. ಉಳಿದ ಸಾಲು ಬೇರೆ ದಾರಿ ಹಿಡಿದಿತ್ತು. ಬಾಗಿಲಲ್ಲಿ ಆರು ತಲೆ ಮೊದಲಿನ ಹಾಗೇ ಕೂತಿದ್ದವು.

ರಾತ್ರಿಯೂ ಕಾವಲು ಇರುತ್ತದಾ?

ಇರುತ್ತದೆ. ಮೇವಿಗೆ ಹೋಗುವುದು ಸಂಜೆಗೆ ನಿಲ್ಲುತ್ತದೆ. ಕಾವಲಿನ ಹುಳಗಳು ಕೊಳವೆಯ ಸ್ವಲ್ಪ ಒಳಗೆ ಸರಿದು ಕೂರುತ್ತವೆ. ನೋಡಬೇಕಾದರೆ ಟಾರ್ಚಿಗೆ ಕೆಂಪು ಬಣ್ಣದ ಗಾಜಿನಕಾಗದ ಸುತ್ತಿಕೊಳ್ಳಿ. ಜೇನುಹುಳದ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಗಾಬರಿಯಾಗುವುದಿಲ್ಲ.

ಒಂದು ಮಧ್ಯಾಹ್ನ ನೂರಾರು ಹುಳಗಳು ಗೂಡಿನ ಮುಂದೆ ಮೋಡದ ಹಾಗೆ ಹಾರುತ್ತಿದ್ದವು. ಮೈಮೇಲೆ ಬರುತ್ತವಾ?

ಬರುವುದಿಲ್ಲ. ಹಾಗೆ ಹಾರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಒಳಗೆ ಎಳೆಯ ರಾಣಿ ಇದ್ದಾಳೆ, ಸುತ್ತಲಿನ ಗೂಡುಗಳ ಗಂಡುಹುಳಗಳು ಬಂದು ಸೇರಿವೆ. ಸಂಜೆಗೆ ಅವು ಪಕ್ಕದ ಗಿಡದ ಒಣಕಡ್ಡಿಯ ಮೇಲೆ ಸಾಲಾಗಿ ಕೂರುವುದನ್ನು ನೋಡಬಹುದು. ಕೆಲವು ದಿನ ಹೀಗೆ ಇದ್ದು ಚದುರುತ್ತವೆ.

ಎರಡನೆಯದು ಜಗಳ. ನೆಲದ ಮೇಲೆ ಹುಳಗಳು ಜೋಡಿ ಜೋಡಿಯಾಗಿ ತೆಕ್ಕೆ ಬಿದ್ದು ಸತ್ತಿದ್ದರೆ, ಇನ್ನೊಂದು ಗೂಡಿನವು ಈ ಮನೆಯನ್ನು ಕಸಿಯಲು ಬಂದಿವೆ ಅಂತ ತಿಳಿಯಿರಿ. ಇವುಗಳ ಹತ್ತಿರದ ನಂಟಿನ, ಆಸ್ಟ್ರೇಲಿಯಾದ ಟೆಟ್ರಾಗೊನುಲಾ ಕಾರ್ಬನೇರಿಯಾ ಎಂಬ ಜೇನಿನಲ್ಲಿ ಈ ಜಗಳವನ್ನು ಚೆನ್ನಾಗಿ ಗಮನಿಸಿದ್ದಾರೆ. ಕಾವಲಿನ ಹುಳ ಬಂದವನನ್ನು ಕಚ್ಚಿ ಹಿಡಿದರೆ ಬಿಡುವುದಿಲ್ಲ. ಇಬ್ಬರೂ ಹಿಡಿದುಕೊಂಡೇ ಸಾಯುತ್ತಾರೆ. ನಾನು ಅಂಥ ಜೋಡಿಗಳನ್ನು ಕಟ್ಟೆಯ ಮೇಲಿಂದ ಗುಡಿಸಿದ ದಿನ ಊಟ ಸೇರಲಿಲ್ಲ. ನಾವು ಮಾಡುವಂಥದ್ದು ಏನೂ ಇಲ್ಲ. ನೀರು ಎರಚಬೇಡಿ, ಹೊಗೆ ಹಾಕಬೇಡಿ.

ಬೇರೆ ದೇಶದ ನಸರಿಗಳೂ ಹೀಗೇ ಕಾಯುತ್ತವಾ?

ಮುಳ್ಳಿಲ್ಲದ ಜೇನಿನಲ್ಲಿ ಲೋಕದಲ್ಲಿ 500ಕ್ಕೂ ಹೆಚ್ಚು ಬಗೆಗಳಿವೆ. ಎಲ್ಲವೂ ಬೆಚ್ಚಗಿನ ನಾಡುಗಳಲ್ಲಿ. ಒಂದೊಂದರ ಕಾವಲು ಒಂದೊಂದು ತರಹ. ಬ್ರೆಜಿಲ್ಲಿನಲ್ಲಿ ಜತಾಯ್ ಅನ್ನುವ ಜೇನಿದೆ. ಅದರ ಕಾವಲಿನಲ್ಲಿ ಎರಡು ಗುಂಪು. ಕೆಲವು ಕೊಳವೆಯ ಬಾಯಲ್ಲಿ ಕೂರುತ್ತವೆ, ಕೆಲವು ಕೊಳವೆಯ ಎರಡೂ ಪಕ್ಕ ಗಾಳಿಯಲ್ಲಿ ನಿಂತಲ್ಲೇ ಹಾರುತ್ತಾ ದಾರಿ ಕಾಯುತ್ತವೆ. ಈ ಕಾವಲಿನ ಹುಳಗಳು ಉಳಿದ ಕೆಲಸದ ಹುಳಗಳಿಗಿಂತ ಸುಮಾರು 30 ಶೇಕಡ ಹೆಚ್ಚು ತೂಗುತ್ತವೆ ಅಂತ 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜೇನಿನಲ್ಲಿ ಕಾವಲಿಗೆಂದೇ ದೊಡ್ಡ ಮೈಯ ಹುಳ ಹುಟ್ಟುವುದು ಅಲ್ಲಿಯ ತನಕ ಗೊತ್ತಿರಲಿಲ್ಲ.

ಆಸ್ಟ್ರೇಲಿಯಾದ ಆ ಕಾರ್ಬನೇರಿಯಾ ಜೇನು ಒಳಗೆ ನುಗ್ಗಿದ ಜೀರುಂಡೆಯನ್ನು ಮೇಣ, ಅಂಟು, ಮಣ್ಣು ಮೆತ್ತಿ ಬದುಕಿದ್ದಂತೆಯೇ ಮುಚ್ಚಿಬಿಡುತ್ತದೆ. ಜೀರುಂಡೆ ಕಾಲು ಮಡಚಿ ಚಿಪ್ಪಿನೊಳಗೆ ಸೇರಿಕೊಂಡರೆ ಅದರ ಕಥೆ ಮುಗಿಯಿತು.

ಗೋಡೆ ಹಾಳಾಗುತ್ತದಾ?

ಇಲ್ಲ. ನಸರಿ ಕೊರೆಯುವುದಿಲ್ಲ. ಮೊದಲೇ ಇದ್ದ ಪೊಳ್ಳಿನಲ್ಲಿ ಸೇರಿಕೊಳ್ಳುತ್ತದೆ. ಕಲ್ಲಿನ ಸಂದು, ಮರದ ಪೊಟರೆ, ಚೌಕಟ್ಟಿನ ಹಿಂದಿನ ಜಾಗ, ಕರೆಂಟಿನ ಮೀಟರ್ ಡಬ್ಬಿ, ಖಾಲಿ ಪೈಪು, ಏನಾದರೂ ಸರಿ.

ಮನೆಗೆ ಸುಣ್ಣ-ಬಣ್ಣ ಮಾಡಿಸುತ್ತಿದ್ದೇವೆ. ಏನು ಎಚ್ಚರಿಕೆ ಬೇಕು?

ಇದನ್ನು ದಯವಿಟ್ಟು ಪೂರ್ತಿ ಓದಿ.

ಕೆಲವು ವರ್ಷಗಳ ಹಿಂದೆ ಮುಂದಿನ ಗೋಡೆಗೆ ಗಿಲಾವು ಮಾಡಿಸಿದೆವು. ಗೌಂಡಿಗೆ ನಾನು ಕೊಳವೆಯ ವಿಷಯ ಹೇಳಿದ್ದೆ. ಆದರೆ ಆ ದಿನ ನಾನು ಹುಬ್ಬಳ್ಳಿಗೆ ಹೋಗಬೇಕಾಯಿತು, ಅವರ ಬದಲು ಬೇರೆಯವರು ಕೆಲಸಕ್ಕೆ ಬಂದಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಸಂಜೆ ನಾಲ್ಕೂವರೆಗೆ ಮನೆಗೆ ಬಂದಾಗ ಗೋಡೆ ನುಣ್ಣಗಾಗಿತ್ತು. ಕೊಳವೆ ಇದ್ದ ಜಾಗದಲ್ಲಿ ಹಸಿ ಸಿಮೆಂಟು. ಹೊರಗೆ ಹೋಗಿದ್ದ ಹುಳಗಳು ಕಾಲಿನಲ್ಲಿ ಪರಾಗ ಹೊತ್ತುಕೊಂಡು ಆ ಜಾಗದ ಮೇಲೆ ಕೂತಿದ್ದವು. ಅಂಗೈ ಅಗಲದ ಕಪ್ಪು ಮಚ್ಚೆಯ ಹಾಗೆ. ಸದ್ದಿಲ್ಲ. ಯಾರ ಮೇಲೂ ಏರಿ ಬರಲಿಲ್ಲ. ಬಾಗಿಲು ಎಲ್ಲಿತ್ತೋ ಸರಿಯಾಗಿ ಅಲ್ಲಿ ಮುಖ ಮಾಡಿ ಕೂತಿದ್ದವು.

ಸಿಮೆಂಟು ಇನ್ನೂ ಗಟ್ಟಿಯಾಗಿರಲಿಲ್ಲ. ಅಡುಗೆಮನೆಯ ಚಮಚದ ಹಿಡಿಯಿಂದ ಮೆಲ್ಲಗೆ ಕೆದರಿದೆ. ಒಂದು ಇಂಚು ಒಳಗೆ ಹಳೆಯ ಮೇಣದ ಕಂದು ಬಣ್ಣ ಕಂಡಿತು. ಅದರ ಹಿಂದೆ ಕುಡಿಮೀಸೆ ಆಡುತ್ತಿತ್ತು. ಒಳಗಿನ ಕಾವಲು ಮುಚ್ಚಿದ ಬಾಗಿಲ ಹಿಂದೆಯೂ ಜಾಗ ಬಿಟ್ಟಿರಲಿಲ್ಲ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಹೊಸ ಕೊಳವೆಯ ಮೊದಲ ಉಂಗುರ ಎದ್ದಿತ್ತು.

ಹಾಗಾಗಿ ಕೆಲಸದವರಿಗೆ ಬಾಯಲ್ಲಿ ಹೇಳಿ ಬಿಡಬೇಡಿ. ಕೊಳವೆಯ ಸುತ್ತ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆಯಿರಿ. ಸಾಧ್ಯವಾದರೆ ಆ ಹೊತ್ತು ನೀವೇ ಅಲ್ಲಿರಿ. ವೃತ್ತದೊಳಗೆ ಒಂದು ಗೇಣು ಜಾಗ ಹಾಗೇ ಬಿಡಿಸಿ. ಬಣ್ಣದ ಡಬ್ಬಿಯ ಮುಚ್ಚಳ ತೆರೆದಿಡಬೇಡಿ. ಹಸಿ ಬಣ್ಣವನ್ನು, ವಾರ್ನಿಶನ್ನು ಗಿಡದ ಅಂಟು ಅಂದುಕೊಂಡು ಇವು ಗೂಡಿಗೆ ಹೊತ್ತೊಯ್ಯುವುದುಂಟು.

ಗೆದ್ದಲಿಗೆ, ಜಿರಳೆಗೆ ಔಷಧಿ ಹೊಡೆಸಬಹುದಾ?

ಗೂಡಿರುವ ಗೋಡೆಗೆ ಬೇಡ. ಕೊಳವೆಯ ಬಳಿ ಒಂದು ಸಲ ಸ್ಪ್ರೇ ಹೊಡೆದರೂ ಬಾಗಿಲಲ್ಲಿದ್ದವು ಮೊದಲು ಸಾಯುತ್ತವೆ, ಆಮೇಲೆ ಒಳಗಿನವು. ಹಿತ್ತಲಲ್ಲಿ ತರಕಾರಿಗೆ ಔಷಧಿ ಹಾಕಲೇಬೇಕಾದರೆ ಕತ್ತಲಾದ ಮೇಲೆ ಹಾಕಿ.

ಮಳೆಗಾಲದಲ್ಲಿ ಹುಳಗಳೇ ಕಾಣುವುದಿಲ್ಲ. ಹೋಗಿಬಿಟ್ಟವಾ?

ಒಳಗೇ ಇವೆ. ಧಾರವಾಡದ ಆಷಾಢ-ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅವು ಹೊರಡುವುದಿಲ್ಲ. ಕೂಡಿಟ್ಟದ್ದನ್ನು ತಿನ್ನುತ್ತವೆ. ಚಳಿಗಾಲದಲ್ಲೂ ಗೋಡೆಗೆ ಬಿಸಿಲು ಬಿದ್ದ ಮೇಲೆಯೇ ಹೊರಗೆ ಬರುವುದು. ಕಾವಲು ಮಾತ್ರ ಬಾಗಿಲಲ್ಲಿ ಇದ್ದೇ ಇರುತ್ತದೆ, ಸ್ವಲ್ಪ ಬಗ್ಗಿ ನೋಡಿ.

ಮನೆಯಲ್ಲಿ ಜೇನು ಕಟ್ಟಿದರೆ ಒಳ್ಳೆಯದಾ, ಕೆಟ್ಟದ್ದಾ? ಹಿರಿಯರು ತೆಗೆಸಿ ಅನ್ನುತ್ತಾರೆ.

ಹೆಜ್ಜೇನು ಕಟ್ಟಿದಾಗ ಹಿರಿಯರು ಹೆದರುವುದು ಸರಿ, ಅದರಿಂದ ಜೀವ ಹೋಗಬಹುದು. ನಸರಿಯ ವಿಷಯದಲ್ಲಿ ಆ ಹೆದರಿಕೆ ಬೇಡ. ಹಿರಿಯರನ್ನು ಕರೆದು ಕುರ್ಚಿ ಹಾಕಿ ಕೊಳವೆಯ ಪಕ್ಕ ಕೂರಿಸಿ. ನನ್ನ ಅನುಭವದಲ್ಲಿ ಹತ್ತು ನಿಮಿಷ ಸಾಕು.

ಇದರ ತುಪ್ಪ ತೆಗೆಯಬಹುದಾ? ಔಷಧಿ ಅನ್ನುತ್ತಾರಲ್ಲ.

ಗೋಡೆಯೊಳಗಿನ ಗೂಡಿನಿಂದ ತೆಗೆಯಬೇಡಿ. ಗೋಡೆ ಒಡೆದರೆ ಮರಿ, ಗಡಿಗೆ ಎಲ್ಲವೂ ಹಾಳು. ಸಿಗುವುದೂ ಸ್ವಲ್ಪವೇ. ಪೆಟ್ಟಿಗೆಯಲ್ಲಿ ಚೆನ್ನಾಗಿ ಸಾಕಿದರೂ ವರ್ಷಕ್ಕೆ ಕೆಲವು ನೂರು ಗ್ರಾಂ ಮಾತ್ರ. ರುಚಿ ಹುಳಿ ಬೆರೆತ ಸಿಹಿ. ನೀರಿನಂಶ ಜಾಸ್ತಿ ಇರುವುದರಿಂದ ಬೇಗ ಹುಳಿಯುತ್ತದೆ.

ಕೆಮ್ಮಿಗೆ ನೆಕ್ಕಿಸುವ ರೂಢಿ ಇದೆ. ಆದರೆ ಎರಡು ಮಾತು ನೆನಪಿರಲಿ. ಒಂದು ವರ್ಷ ತುಂಬದ ಕೂಸಿಗೆ ಯಾವ ಜೇನುತುಪ್ಪವನ್ನೂ ನೆಕ್ಕಿಸಬಾರದು. ಕಣ್ಣಿಗೆ ಬಿಡುವ ರೂಢಿಯೂ ಕೆಲವು ಕಡೆ ಇದೆ, ಅದನ್ನು ಮಾಡಬೇಡಿ, ಕಣ್ಣಿನ ಡಾಕ್ಟರರಿಗೆ ತೋರಿಸಿ.

ಇವಕ್ಕೆ ನಾವು ಏನು ನೆಡಬಹುದು?

ನಸರಿ ದೂರ ಹೋಗುವುದಿಲ್ಲ. ಅರ್ಧ ಕಿಲೋಮೀಟರ್ ಆಸುಪಾಸಿನಲ್ಲೇ ಅದರ ಲೋಕ. ಹಾಗಾಗಿ ನಿಮ್ಮ ಓಣಿಯಲ್ಲಿ ಏನಿದೆ ಅನ್ನುವುದೇ ಮುಖ್ಯ. ತುಳಸಿಯ ತೆನೆಯನ್ನು ಚಿವುಟದೆ ಬಿಡಿ, ಅದರಲ್ಲಿ ಸಾಲು ಸಾಲು ಹುಳ ಕೂರುತ್ತವೆ. ನುಗ್ಗೆ, ಪೇರಲ, ಕರಿಬೇವು ಹಿತ್ತಲಿಗೆ ಸಾಕು. ಬೀದಿಯಲ್ಲಿ ಬೇವು, ಹೊಂಗೆ, ಹುಣಸೆ ಇದ್ದರೆ ಅವನ್ನು ಕಡಿಯದ ಹಾಗೆ ನೋಡಿಕೊಳ್ಳಿ.

ಧಾರವಾಡ, ಹಾನಗಲ್ ಕಡೆ ಮಾವಿನ ತೋಪುಗಳಿವೆ. ಅಲ್ಲಿ ಹೂವಿಗೂ ಅಂಟಿಗೂ ತೊಂದರೆ ಇಲ್ಲ. ಗದಗ, ರೋಣ, ನವಲಗುಂದದ ಎರೆಹೊಲದ ಸೀಮೆ ಬೇರೆ. ಸೂರ್ಯಕಾಂತಿ, ಕುಸುಬಿ ಹೂ ಬಿಟ್ಟಾಗ ಮೇವು ಹೇರಳ. ಕೊಯ್ಲಾದ ಮೇಲೆ ಕಣ್ಣು ಹಾಯುವಷ್ಟು ದೂರ ಬರೀ ಕಪ್ಪು ಮಣ್ಣು. ಆಗ ಊರೊಳಗಿನ ಮರಗಳೇ ಗತಿ. ಆ ಕಡೆಯವರು ಬದುವಿನಲ್ಲಿ ಒಂದು ಬೇವು ಉಳಿಸಿದರೂ ದೊಡ್ಡ ಉಪಕಾರ. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿನ ಗಿಡಮರಗಳು ಉಳಿದರೆ ಇಂಥ ಸಣ್ಣ ಜೀವಗಳಿಗೂ ನೆಲೆ ಉಳಿದ ಹಾಗೆ.

ಹಳೆ ಮನೆ ಕೆಡವಿ ಹೊಸದು ಕಟ್ಟುತ್ತಿದ್ದೇವೆ. ಗೋಡೆಯಲ್ಲಿ ನಸರಿ ಇದೆ. ಏನು ಮಾಡುವುದು?

ಈ ಪ್ರಶ್ನೆ ಈಗ ಹುಬ್ಬಳ್ಳಿ-ಧಾರವಾಡದಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಗೋಡೆ ಬಿದ್ದರೆ ಅವು ಹಾರಿ ಹೋಗುತ್ತವೆ ಅಂತ ಜನ ತಿಳಿದಿರುತ್ತಾರೆ. ರಾಣಿ ಹಾರಲಾರಳು ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಬಿದ್ದ ಗೋಡೆಯಲ್ಲೇ ಇಡೀ ಸಂಸಾರ ಮುಗಿಯುತ್ತದೆ. ಕೆಡವುವ ಮೊದಲೇ ಪೆಟ್ಟಿಗೆಗೆ ಸ್ಥಳಾಂತರ ಮಾಡಬೇಕು.

ಮಾಡಿ ಗೊತ್ತಿರುವವರನ್ನು ಕರೆಯುವುದು ಒಳ್ಳೆಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ಕೇಳಿ ನೋಡಬಹುದು. ಅವರ ಕೃಷಿಮೇಳಕ್ಕೆ ಹೋದಾಗಲೂ ವಿಚಾರಿಸಿ. ಯಾರೂ ಸಿಗದಿದ್ದರೆ ನೀವೇ ಮಾಡಬಹುದು, ನಿಧಾನ ಇದ್ದರೆ ಸಾಕು.

ಬಿಸಿಲಿರುವ, ಗಾಳಿ ಕಡಿಮೆ ಇರುವ ದಿನ ನೋಡಿಕೊಳ್ಳಿ. ಒಂದು ಮರದ ಸಣ್ಣ ಪೆಟ್ಟಿಗೆ, ಇಲ್ಲವೇ ಮಣ್ಣಿನ ಗಡಿಗೆ ತೆಗೆದುಕೊಂಡು ಕಿರುಬೆರಳು ಹೋಗುವಷ್ಟು ತೂತು ಮಾಡಿ. ಮೊದಲು ಕೊಳವೆಯನ್ನು ಬುಡಸಮೇತ ಜೋಪಾನವಾಗಿ ಬಿಡಿಸಿ ಪಕ್ಕಕ್ಕೆ ಇಡಿ. ಆಮೇಲೆ ಉಳಿಯಿಂದ ಸ್ವಲ್ಪ ಸ್ವಲ್ಪವೇ ಗೋಡೆ ಬಿಡಿಸುತ್ತಾ ಒಳಗೆ ಹೋಗಿ. ಹುಳ ತಲೆಗೆ ಮುತ್ತುತ್ತವೆ, ತಲೆಗೆ ತೆಳುವಾದ ಬಟ್ಟೆ ಸುತ್ತಿಕೊಳ್ಳಿ.

ಮರಿಗಳ ಗೊಂಚಲನ್ನು ಹೇಗಿದೆಯೋ ಹಾಗೇ ಎತ್ತಿ ಪೆಟ್ಟಿಗೆಗೆ ಇಡಿ. ತಲೆಕೆಳಗಾಗಬಾರದು. ಮೊಟ್ಟೆ ದ್ರವದಂಥ ಆಹಾರದ ಮೇಲೆ ನಿಂತಿರುತ್ತದೆ, ತಿರುಗಿಸಿದರೆ ಮುಳುಗಿ ಸಾಯುತ್ತದೆ. ಆ ಗೊಂಚಲಿನ ನಡುವೆ ರಾಣಿಯನ್ನು ಹುಡುಕಿ. ಉಳಿದವುಗಳಿಗಿಂತ ದೊಡ್ಡವಳು, ಊದಿದ ತಿಳಿಕಂದು ಹೊಟ್ಟೆ, ನಡೆದೇ ಓಡುತ್ತಾಳೆ. ಬೆರಳಿನಿಂದ ಹಿಡಿಯಬೇಡಿ, ಎಲೆಯ ಮೇಲೆ ಹತ್ತಿಸಿಕೊಂಡು ಒಳಗೆ ಬಿಡಿ. ಸಿಗದಿದ್ದರೆ ಗೊಂಚಲಿನ ಅಂಚಿನಲ್ಲಿ ದೊಡ್ಡ ಕೋಣೆ ಇದೆಯಾ ನೋಡಿ, ಅದು ಹೊಸ ರಾಣಿಯದು, ಅದು ಜೊತೆಗಿದ್ದರೆ ಗೂಡು ಉಳಿಯಬಹುದು. ಒಡೆಯದ ಪರಾಗದ ಗಡಿಗೆ ಒಂದಿಷ್ಟು ಇಡಿ. ಒಡೆದದ್ದು ಒಂದನ್ನೂ ಇಡಬೇಡಿ. ಇರುವೆ, ಫೋರಿಡ್ ನೊಣ ಅದಕ್ಕೇ ಬರುವುದು.

ಮುಚ್ಚಳ ಹಾಕಿ, ಸಂದುಗಳಿಗೆ ಟೇಪ್ ಅಥವಾ ಹಸಿ ಮಣ್ಣು ಮೆತ್ತಿ. ಬಿಡಿಸಿಟ್ಟ ಹಳೆಯ ಕೊಳವೆಯನ್ನು ಪೆಟ್ಟಿಗೆಯ ತೂತಿಗೆ ಅಂಟಿಸಿ. ಅದರ ವಾಸನೆ ಹಿಡಿದು ಹೊರಗಿನ ಹುಳಗಳು ಬರುತ್ತವೆ. ಪೆಟ್ಟಿಗೆಯನ್ನು ಹಳೆಯ ಬಾಗಿಲು ಇದ್ದ ಎತ್ತರಕ್ಕೇ, ಅದೇ ದಿಕ್ಕಿಗೆ ಮುಖ ಮಾಡಿ ಇಡಿ. ಕತ್ತಲಾಗುವ ತನಕ ಅಲುಗಿಸಬೇಡಿ. ಎಲ್ಲವೂ ಒಳಗೆ ಸೇರಿದ ಮೇಲೆ ಬಾಯಿಗೆ ಸಣ್ಣ ಜಾಲರಿ ಕಟ್ಟಿ ರಾತ್ರಿಯೇ ಬೇರೆ ಕಡೆ ಒಯ್ಯಿರಿ. ಒಂದು ಕಿಲೋಮೀಟರಿಗಿಂತ ದೂರ ಇರಲಿ, ಇಲ್ಲದಿದ್ದರೆ ಬೆಳಿಗ್ಗೆ ಹೊರಟ ಹುಳಗಳು ಹಳೆಯ ಜಾಗಕ್ಕೇ ಹೋಗಿ ಹುಡುಕುತ್ತವೆ. ಮುಂಜಾನೆಯ ಎಳೆ ಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಜಾಗ ನೋಡಿ. ಪೆಟ್ಟಿಗೆ ಇಟ್ಟ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಕೊಡಿ.

ಬೆಳಿಗ್ಗೆ ಜಾಲರಿ ತೆಗೆದು ದೂರ ನಿಲ್ಲಿ. ಮೊದಲ ದಿನ ಗೊಂದಲ ಇರುತ್ತದೆ, ಹುಳಗಳು ಪೆಟ್ಟಿಗೆಗೆ ಮುಖ ಮಾಡಿ ಸುತ್ತು ಹಾಕಿ ಹಾಕಿ ಜಾಗ ಗುರುತು ಮಾಡಿಕೊಳ್ಳುತ್ತವೆ. ಮುಚ್ಚಳ ತೆಗೆದು ಇಣುಕುವ ಆಸೆ ಆಗುತ್ತದೆ, ತೆಗೆಯಬೇಡಿ. ಎರಡು ಮೂರು ದಿನ ಬಿಟ್ಟು ಕೊಳವೆಯ ಬಾಯಿ ನೋಡಿ. ಅಂಚಿನಲ್ಲಿ ಮುಖ ಹೊರಗೆ ಮಾಡಿ ನಾಲ್ಕೈದು ತಲೆ ಕೂತಿದ್ದರೆ ಒಳಗೆ ರಾಣಿ ಕ್ಷೇಮ, ಕೆಲಸ ಆಯಿತು. ಯಾರೂ ಕೂತಿಲ್ಲದಿದ್ದರೆ ಸಂಜೆ ಮತ್ತೊಮ್ಮೆ ನೋಡಿ ನನಗೆ ಫೋನ್ ಮಾಡಿ, ನಾನು ಬರುತ್ತೇನೆ.